ನೀಲದ ಹರಳಿನೊಳಗೆ ರೇಷ್ಮೆ ಎಳೆ ಹೊಕ್ಕಿದ್ದು

ಹಲಸಿನ ಬೀಜದಷ್ಟು ದಪ್ಪದ ನೀಲದ ಹರಳನ್ನು ನಾಲಗೆಯ ಕೆಳಗೆ ಇಟ್ಟುಕೊಂಡು ಯಳಂದೂರಿನಿಂದ ಹೊರಟು ಬಿಳಿಗಿರಿಯ ಕಾಡು ದಾಟಿದವನು ನಾನು. ನಡುವೆ ಕಳ್ಳರು ಅಡ್ಡ ಹಾಕಿದರು. ಯಾವೂರು ಅಂತ ಕೇಳಿದರು, ಹೇಳಿದೆ. ಹೆಸರೇನು ಅಂದರು, ನಂಜೇದೇವ ಅಂದೆ. ಒಂದು ಪದ ಹಾಡು ಅಂದರು, ಅದನ್ನೂ ಹಾಡಿದೆ. ಹರಳು ಹಲ್ಲಿಗೆ ತಾಗಿ ಟಿಕ್ ಅನ್ನಲಿಲ್ಲ. ಕೊನೆಗೆ ಅವರೇ ಅಯ್ಯೋ ಪಾಪ ಅಂತ ಒಂದು ಚೊಂಬು ಮಜ್ಜಿಗೆ ಕೊಟ್ಟು ಕಳಿಸಿದರು. ಇದು ಸುಳ್ಳು ಅನ್ನುವವರು ಹೋಗಿ ಆ ಕಳ್ಳರನ್ನೇ ಕೇಳಲಿ. ಅವರು ಈಗಿಲ್ಲ. ಹರಳು ಕೊಟ್ಟ ಸೇಟು ಇಲ್ಲ, ತೆಗೆದುಕೊಂಡ ಗೌಡನೂ ಇಲ್ಲ. ಉಳಿದವನು ನಾನೊಬ್ಬನೇ.

ಸೈಕಲ್ಲಿನ ಮೇಲೆ ಹರಳು ಮಾರಿಕೊಂಡು ಈ ಸೀಮೆಯಲ್ಲಿ ನಾನು ಸುತ್ತದ ಊರಿಲ್ಲ. ಈಗ ಸೈಕಲ್ಲೂ ಕೂತಿದೆ, ನಾನೂ ಕೂತಿದ್ದೇನೆ, ತಮ್ಮನ ಮನೆಯಲ್ಲಿ. ಸುಮ್ಮನೆ ಕೂತಿಲ್ಲ. ನಮ್ಮ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಹುಳ ಹಣ್ಣಾದ ದಿನ ಮನೆಯವರೆಲ್ಲರ ಕೈಯೂ ಬೇಕು.

ಮೊನ್ನೆ ಬೆಳಿಗ್ಗೆ ಹುಳ ಹಣ್ಣಾಗಿದ್ದವು. ಹಣ್ಣಾದ ಹುಳ ಸೊಪ್ಪು ಮುಟ್ಟುವುದಿಲ್ಲ. ಮೈ ತಿಳಿಯಾಗಿ, ತಲೆ ಎತ್ತಿ, ಎಲ್ಲಿ ಗೂಡು ಕಟ್ಟಲಿ ಅಂತ ಅತ್ತ ಇತ್ತ ನೋಡುತ್ತದೆ. ಅಂಥವನ್ನು ಆರಿಸಿ ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ಅದರ ಸುತ್ತುಗಳ ಸಂದಿಯಲ್ಲೇ ಅವು ಗೂಡು ಕಟ್ಟುವುದು. ನಾನು, ತಮ್ಮನ ಸೊಸೆ ಚೆನ್ನಾಜಿ, ಅವಳ ಮಗಳು ದೇವೀರಿ, ಮೂವರೂ ಆರಿಸುತ್ತಾ ಕೂತಿದ್ದೆವು.

ಚೆನ್ನಾಜಿ ಬೆರಳಿನ ಉಂಗುರ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು. ಅದು ಅವಳ ತಾಯಿಯ ಉಂಗುರ. ಆ ತಾಯಿ ಹೋಗುವಾಗ ಮಗಳಿಗೆ ಬಿಟ್ಟು ಹೋದದ್ದು ಅದೊಂದೇ. ನೀಲದ ಹರಳಿನದು.

"ಉಂಗುರ ಯಾಕವ್ವ ಬಿಚ್ಚಿದ್ದೀಯ?" ಅಂದೆ.

"ಪೇಟೆಗೆ ಕಳಿಸ್ತಿದ್ದೀನಿ ದೊಡ್ಮಾವ. ಇವರು ಇವತ್ತು ಹೊರಟವ್ರಲ್ಲ, ತಗೊಂಡು ಹೋಗ್ತಾರೆ. ಹೋದ ವಾರ ತೊಳೆಸೋಕೆ ಅಂತ ಒಡವೆ ಅಂಗಡಿಯವನಿಗೆ ಕೊಟ್ಟಿದ್ದೆ. ಒಳಗೆ ನೂಲು ನೂಲಾಗಿ ಬಿರುಕು ಬಿಟ್ಟದೆ, ಇಂಥದ್ದು ಹಾಕ್ಕೊಂಡ್ರೆ ಮನೆಗೆ ಒಳ್ಳೇದಲ್ಲ ಅಂದ. ಇದನ್ನ ಕೊಡಿ, ಒಂದು ಕಾಸೂ ಬೇಡ, ತಿಳಿಯಾಗಿರೋದು ಕೂರಿಸಿಕೊಡ್ತೀನಿ ಅಂದ."

"ಅಷ್ಟು ಒಳ್ಳೆಯವನಾ ಅವನು?"

"ಅದೇ ನಮ್ಮವರೂ ಅಂದ್ರು. ಅಷ್ಟು ಒಳ್ಳೆಯವನು, ಯಾಕೆ ಬಿಡೋದು ಅಂತ." ಅವಳು ಹುಳ ಆರಿಸುತ್ತಲೇ ಇದ್ದಳು, ಮುಖ ಮಾತ್ರ ಎತ್ತಲಿಲ್ಲ. "ಅವ್ವನ ಕೈಲಿದ್ದ ಕಲ್ಲು ಕೊಡೋಕೆ ಮನಸ್ಸಿಲ್ಲ ದೊಡ್ಮಾವ. ಆದ್ರೆ ಕೂಸಿರೋ ಮನೆ. ಒಳ್ಳೇದಲ್ಲ ಅಂದಮೇಲೆ ಇಟ್ಕೊಂಡು ಏನ್ ಮಾಡ್ಲಿ?"

ಉಂಗುರ ಇಸಕೊಂಡೆ. ಬಾಗಿಲ ಹತ್ತಿರ ಹೋಗಿ ಬೆಳಗಿನ ಬೆಳಕಿಗೆ ಓರೆಯಾಗಿ ಹಿಡಿದೆ. ನೀಲ ನೋಡುವವರು ದೀಪದ ಬೆಳಕಲ್ಲಿ ನೋಡಬಾರದು, ನೆತ್ತಿ ಸುಡುವ ಬಿಸಿಲಲ್ಲೂ ನೋಡಬಾರದು. ಸೂರ್ಯನ ಕಡೆಗೆ ಬೆನ್ನು ಮಾಡಿ, ಎಳೆ ಬೆಳಕಲ್ಲಿ ನೋಡಬೇಕು. ನೋಡಿದೆ. ನನ್ನ ಮುಖ ಅರಳಿತು.

"ದೇವೀರಿ, ಬಾ ಇಲ್ಲಿ. ಒಳಗೆ ಏನು ಕಾಣುತ್ತೆ?"

ಕೂಸು ಒಂದು ಕಣ್ಣು ಮುಚ್ಚಿ ನೋಡಿತು. "ಬೆಳ್ಳಗೆ ಎಳೆ ಎಳೆ ಅದೆ ತಾತ. ನಮ್ಮ ಹುಳದ ನೂಲು ಇದ್ದಂಗೆ."

"ಇದ್ದಂಗೆ ಅಲ್ಲ, ಅದೇ. ಅದು ಹೇಗೆ ಒಳಗೆ ಹೋಯಿತು ಹೇಳ್ತೀನಿ. ಕೈ ನಿಲ್ಲಿಸಬೇಡಿ, ಹುಳ ಕಾಯಲ್ಲ."

ಲೋಕ ಹೊಸದಾಗಿತ್ತು ಮಗ. ಎಷ್ಟು ಹೊಸದು ಅಂದರೆ, ಈಗ ತಾನೇ ಒಲೆಯಿಂದ ಇಳಿಸಿದ ಮುದ್ದೆಯ ಹಾಗೆ ನೆಲ ಇನ್ನೂ ಮೆತ್ತಗೆ, ಹಬೆಯಾಡುತ್ತಾ ಇತ್ತು. ಎಲ್ಲಿ ಕೂರಬೇಕು ಅಂತ ಗೊತ್ತಾಗದೆ ಬೆಟ್ಟಗಳು ಎದ್ದು ಕೂತು, ಎದ್ದು ಕೂತು ಮಾಡುತ್ತಿದ್ದವು. ಕಾವೇರಿ ಆಗ ಕೂಸು. ಅವಳಿಗೆ ನಡೆಯಲು ಬರುತ್ತಿರಲಿಲ್ಲ. ಓಡಲು ಮಾತ್ರ ಬರುತ್ತಿತ್ತು.

ಕಲ್ಲುಗಳೂ ಮೆತ್ತಗಿದ್ದವು. ಅವಕ್ಕೆ ಬಣ್ಣ ಇರಲಿಲ್ಲ. "ಆಕಾಶದಲ್ಲಿ ಬಣ್ಣ ಬರುತ್ತೆ, ಬೇಕಾದವರು ಬೇಕಾದ ಹೊತ್ತಿಗೆ ಎದ್ದು ಕುಡಿದುಕೊಳ್ಳಿ" ಅಂತ ಬೆಟ್ಟ ಹೇಳಿತ್ತು. ಮಾಣಿಕ್ಯ ಬೇಗ ಎದ್ದು ಸೂರ್ಯ ಹುಟ್ಟುವ ಹೊತ್ತಿನ ಕೆಂಪು ಕುಡಿಯಿತು. ಪುಷ್ಯರಾಗ ಏರುಹೊತ್ತಿನ ಹಳದಿ ಕುಡಿಯಿತು. ನೀಲ ಸೋಮಾರಿ. ಅದು ಕಣ್ಣು ಬಿಟ್ಟಾಗ ಸೂರ್ಯ ಮುಳುಗಿ ಹೋಗಿದ್ದ. ದೀಪ ಹಚ್ಚುವ ಹೊತ್ತಿಗೆ ಆಕಾಶ ಒಂದು ಚೂರು ನೀಲಿಯಾಗುತ್ತದಲ್ಲ, ಅದೊಂದೇ ಉಳಿದಿತ್ತು. ಕತ್ತಲಾಗಿಬಿಡುತ್ತೆ ಅಂತ ನೀಲ ಗಾಬರಿಯಿಂದ ಗುಟುಕು ಗುಟುಕಾಗಿ ಕುಡಿಯಿತು. ಅದಕ್ಕೇ ಇವತ್ತಿಗೂ ಅಸಲಿ ನೀಲದಲ್ಲಿ ಬಣ್ಣ ಒಂದೇ ಸಮ ಇರಲ್ಲ. ಒಂದು ಪಟ್ಟೆ ಗಾಢ, ಒಂದು ಪಟ್ಟೆ ತಿಳಿ. ಅಷ್ಟೂ ಸಮ ಇದ್ದರೆ ಒಂದು ಸಲ ಅನುಮಾನ ಪಡಬೇಕು.

ಬಣ್ಣ ಕುಡಿದ ಕಲ್ಲುಗಳನ್ನೆಲ್ಲ ಕಾವೇರಿ ಸೊಂಟಕ್ಕೆ ಎತ್ತಿಕೊಂಡು ಓಡಿದಳು. ಕೂಸಿನ ಓಟ ಗೊತ್ತಲ್ಲ. ಬಿದ್ದರೆ ಬಿತ್ತು, ಎದ್ದರೆ ಎದ್ದಿತು. ಕಲ್ಲು ಕಲ್ಲಿಗೆ ಹೊಡೆಯಿತು. ಒಡೆದದ್ದು ಚೂರಾಯಿತು. ಚೂರಾದದ್ದು ಮರಳಾಯಿತು. ಮರಳಾದದ್ದು ಕಡಲಿಗೆ ಹೋಯಿತು, ಅದರ ಹೆಸರು ಹಿಡಿದು ಕರೆಯುವವರು ಯಾರೂ ಉಳಿಯಲಿಲ್ಲ.

ನೀಲಕ್ಕೂ ಏಟು ಬಿತ್ತು. ನಡುವೆ ಉದ್ದಕ್ಕೆ, ಬೆರಳು ತೂರುವಷ್ಟು ಬಿರುಕು ಬಿಟ್ಟಿತು. ಪುಣ್ಯಕ್ಕೆ ದಡದಲ್ಲಿದ್ದ ಹಿಪ್ಪುನೇರಳೆ ಗಿಡದ ಬೇರಿಗೆ ಸಿಕ್ಕಿಕೊಂಡಿತು.

ಕಾವೇರಿ ತಿರುಗಿ ನೋಡದೆ ಓಡುತ್ತಾ ಕೂಗಿದಳು. "ಇರು, ಬೆಟ್ಟದಲ್ಲಿ ಮಳೆ ಬಂದರೆ ಮತ್ತೆ ಬರ್ತೀನಿ. ಆಗ ಕರಕೊಂಡು ಹೋಗ್ತೀನಿ."

ನೀಲ ಬೇರನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಿತು. ಇನ್ನೊಂದು ಏಟು ಬಿದ್ದರೆ ಎರಡು ಹೋಳು. ಆಮೇಲೆ ಮರಳು. ಆಮೇಲೆ ಏನೂ ಇಲ್ಲ.

ಜೇಡಿಮಣ್ಣನ್ನು ಕೇಳಿತು. "ಅಕ್ಕ, ನನ್ನ ಬಿರುಕು ತುಂಬ್ತೀಯಾ?"

"ತುಂಬ್ತೀನಿ ತಮ್ಮ. ನೀರು ಬಂದರೆ ಕರಗಿ ಹೋಗ್ತೀನಿ."

ಬೇಲದ ಮರದ ಅಂಟನ್ನು ಕೇಳಿತು. "ಅಣ್ಣ, ನನ್ನ ಬಿರುಕು ಬೆಸೀತೀಯಾ?"

"ಬೆಸೀತೀನಿ ತಮ್ಮ. ಬಿಸಿಲು ಬಂದರೆ ಸಡಿಲ ಆಗ್ತೀನಿ."

ಇಬ್ಬರೂ ಸುಳ್ಳು ಹೇಳಲಿಲ್ಲ, ಅದೇ ದೊಡ್ಡದು. ನೀಲ ಇಬ್ಬರಿಗೂ ಕೈ ಮುಗಿಯಿತು.

ಗಿಡದ ಮೇಲೆ ಒಂದು ಹುಳ ಇತ್ತು. ನಮ್ಮ ಇವೇ ಹುಳಗಳ ಅಜ್ಜಿಯ ಅಜ್ಜಿಯ ಅಜ್ಜಿ. ಅವತ್ತೇ ಹಣ್ಣಾಗಿತ್ತು. ಗೂಡು ಕಟ್ಟಲು ಜಾಗ ನೋಡುತ್ತಾ ತಲೆ ಎತ್ತಿದ್ದು, ಕೆಳಗಿನ ಮಾತು ಕೇಳಿಸಿಕೊಂಡಿತು.

"ನನ್ನ ಹತ್ತಿರ ನೂಲದೆ" ಅಂದಿತು ಹುಳ. "ನೀರಿಗೆ ಕರಗಲ್ಲ. ಬಿಸಿಲಿಗೆ ಸಡಿಲ ಆಗಲ್ಲ."

ಗಾಳಿ ಅಲ್ಲೇ ಸುಳಿಯುತ್ತಿತ್ತು. ಅದು ಹುಳದ ಕಿವಿಯಲ್ಲಿ ಹೇಳಿತು. "ಹುಚ್ಚವ್ವ, ನಿನ್ನ ಹೊಟ್ಟೇಲಿರೋದು ಒಂದು ಗೂಡಿಗೆ ಆಗೋವಷ್ಟು ನೂಲು. ಅದು ಮುಗಿದರೆ ಇನ್ನಿಲ್ಲ. ಊಜಿ ನೊಣ ಇಲ್ಲೇ ಸುತ್ತುತಾ ಇದೆ."

"ತಾತ, ಊಜಿ ಆಗಲೇ ಇತ್ತಾ?" ಅಂದಳು ದೇವೀರಿ.

"ಊಜಿ ಯಾವಾಗ ಇರಲಿಲ್ಲ ಹೇಳು."

ಅವಳಿಗೆ ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ. ಹುಳದ ಮನೆಯ ಕಿಟಕಿಗೆಲ್ಲ ಬಲೆ ಕಟ್ಟಿರುವುದು ಯಾಕೆ ಅಂತ ಅವಳಿಗೆ ಗೊತ್ತು. ಊಜಿ ನೊಣ ಬಂದು ಹುಳದ ಮೈಮೇಲೆ ಒಂದು ಮೊಟ್ಟೆ ಇಟ್ಟು ಹೋದರೆ ಸಾಕು. ಮರಿ ಒಳಗೆ ಹೊಕ್ಕು ಹುಳವನ್ನು ತಿಂದು ಮುಗಿಸುತ್ತದೆ.

ಹುಳ ಒಂದು ಗಳಿಗೆ ಯೋಚನೆ ಮಾಡಿತು. ಆಮೇಲೆ ಬೇರಿನ ಮೇಲೆ ನಿಧಾನವಾಗಿ ಇಳಿದು ಬಂತು. "ಇವನ ಬಿರುಕು ಮೊದಲು. ಉಳಿದ ನೂಲಲ್ಲಿ ನನ್ನ ಗೂಡು" ಅಂದಿತು.

ಬಿರುಕಿನ ಈ ಗೋಡೆಯಿಂದ ಆ ಗೋಡೆಗೆ ಎಳೆ ಹಾಕಿತು. ಬಿರುಕು ಕೂಡಲಿಲ್ಲ. "ತಡಿ, ಇನ್ನೊಂದು ಎಳೆ ಹಾಕ್ತೀನಿ" ಅಂದಿತು.

ಮಂಚಕ್ಕೆ ನುಲಿ ಹೆಣೆದ ಹಾಗೆ ಓರೆಯಾಗಿ ಎಳೆ ಹಾಕಿತು. ಬಿರುಕು ಚೂರು ಕೂಡಿತು. "ತಡಿ, ಇನ್ನೊಂದು ಎಳೆ ಹಾಕ್ತೀನಿ" ಅಂದಿತು.

ಆ ಕಡೆಯಿಂದಲೂ ಓರೆಯಾಗಿ ಎಳೆ ಹಾಕಿತು. ಬಿರುಕು ಇನ್ನೂ ಕೂಡಿತು. "ತಡಿ, ಇನ್ನೊಂದು ಎಳೆ" ಅಂತ ಹೊರಟಿತು. ಎಳೆ ಬರಲಿಲ್ಲ. ಹೊಟ್ಟೆಯಲ್ಲಿ ನೂಲು ಮುಗಿದಿತ್ತು.

ನೀಲದ ಬಿರುಕು ಇನ್ನೇನು ಕೂಡುವಷ್ಟು ಹತ್ತಿರ ಬಂದಿತ್ತು. ಹುಳ ಮಾತ್ರ ಬಯಲಲ್ಲಿ ಬರಿಮೈಯಲ್ಲಿ ನಿಂತಿತ್ತು. ಗೂಡಿಲ್ಲ, ಗೂಡಿಗೆ ನೂಲಿಲ್ಲ. ಅಷ್ಟರಲ್ಲಿ ಗಾಳಿ ಓಡಿ ಬಂತು. "ಬೆಟ್ಟದಲ್ಲಿ ಮಳೆ. ಹೊಳೆ ಬರ್ತಾ ಇದೆ." ಅದರ ಹಿಂದೆಯೇ ಗುಂಯ್ ಅಂತ ಸದ್ದು. ಊಜಿ.

"ಒಳಗೆ ಬಾ" ಅಂದಿತು ನೀಲ.

"ನಾನು ಬಂದರೆ ನಿನ್ನ ಬಿರುಕು ಕೂಡಲ್ಲ."

"ನಿನ್ನ ನೂಲೆಲ್ಲ ನನ್ನೊಳಗೇ ಅದೆ. ನಿನ್ನ ನೂಲು ಇರೋ ಕಡೆ ಅಲ್ವಾ ನಿನ್ನ ಗೂಡು? ಬಾ."

ಹುಳ ಎಳೆಗಳ ನಡುವೆ ತೂರಿತು. ನೀಲ ಆ ಎಳೆಗಳನ್ನೆಲ್ಲ ಒಳಕ್ಕೆ ಎಳೆದುಕೊಂಡಿತು. ಬಿರುಕು ಬಾಯಿ ಮುಚ್ಚಿತು.

ಊಜಿ ಬಂದು ಮೇಲೆ ಕೂತು ಚುಚ್ಚಿತು. ಒಳಗೆ ಹುಳ ಅದೆ ಅಂತ ನೀಲ ಉಸಿರು ಬಿಗಿಹಿಡಿದು ಗಟ್ಟಿಯಾಯಿತು. ಊಜಿ ಇನ್ನೂ ಚುಚ್ಚಿತು. ನೀಲ ಇನ್ನೂ ಗಟ್ಟಿಯಾಯಿತು. ಊಜಿಯ ಮೂತಿ ಮುರಿಯಿತು, ಬೈದುಕೊಂಡು ಹೋಯಿತು. ಮೆತ್ತಗಿದ್ದ ಕಲ್ಲು ಅವತ್ತು ಗಟ್ಟಿಯಾದದ್ದು ಎಷ್ಟು ಅಂದರೆ, ಇವತ್ತಿಗೂ ನೀಲಕ್ಕೆ ಗೀರು ಹಾಕಬೇಕಾದರೆ ವಜ್ರವೇ ಬರಬೇಕು.

ಹೊಳೆ ಬಂತು. "ಬಾ ಬಾ ಬಾ" ಅಂತ ಕಾವೇರಿ ನೀಲವನ್ನು ಎತ್ತಿಕೊಂಡು ಓಡಿದಳು. ಉರುಳಿಸಿದಳು, ಬಂಡೆಗೆ ಬಡಿದಳು. ನೀಲ ಒಡೆಯಲಿಲ್ಲ. ಅದರ ಒಂದು ಜೀವದ ಜೊತೆ ಇನ್ನೊಂದು ಜೀವ ಇತ್ತಲ್ಲ, ಆ ಭಾರಕ್ಕೆ ತಳಕ್ಕೆ ಇಳಿದು ಒಂದು ತಿರುವಿನಲ್ಲಿ ಗುಂಡುಕಲ್ಲುಗಳ ಕೆಳಗೆ ಕೂತುಬಿಟ್ಟಿತು. ಹಗುರದ ಮರಳೆಲ್ಲ ಮುಂದಕ್ಕೆ ಹೋಯಿತು. ಗಾಜಿನ ಚೂರನ್ನೂ ಅಷ್ಟೇ ಗಾತ್ರದ ನೀಲವನ್ನೂ ಅಂಗೈಯಲ್ಲಿ ತೂಗಿ ನೋಡಿ, ನೀಲವೇ ತೂಕ. ಹೊಳೆಯ ತಿರುವಿನಲ್ಲಿ ಜಲ್ಲಿಯ ತಳ ಅಗೆದವರಿಗೇ ಇವತ್ತಿಗೂ ಹರಳು ಸಿಗುವುದು.

ಆಮೇಲೆ ಬೇಸಗೆ ಬಂತು. ಹೊಳೆ ಇಳಿಯಿತು. ಬಿಸಿಲು ಕಲ್ಲಿನ ಮೇಲೆ ಬಿತ್ತು. ಸುತ್ತಲಿನ ಕಲ್ಲುಗಳೆಲ್ಲ ಹಂಚಿನ ಹಾಗೆ ಕಾದವು. ಒಳಗಿನ ಹುಳ ಬೆಂದು ಹೋಗಬಾರದು ಅಂತ ನೀಲ ಬಿಸಿಲನ್ನು ಒಳಗೆ ಬಿಡಲಿಲ್ಲ. ತಣ್ಣಗೇ ಇತ್ತು. ಸುಮ್ಮನೆ, ತಣ್ಣಗೆ, ಉಸಿರು ಹಿಡಿದು.

ಕತೆ ಇಲ್ಲಿಗೆ ಬಂದಾಗ ಚೆನ್ನಾಜಿಯ ಕೈ ನಿಂತಿತು. ನಮ್ಮ ಗೂಡುಗಳು ಒಳಗಿನ ಹುಳದ ಸಮೇತ ಕುದಿಯುವ ನೀರಿಗೆ ಹೋಗುತ್ತವೆ, ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಮೊದಲ ಗೂಡು ಕಿತ್ತ ದಿನ ಹುಳಕ್ಕೆ ಕೈ ಮುಗಿದೇ ಈ ಮನೆಯಲ್ಲಿ ಊಟ. ಅವಳು ಉಂಗುರ ತೆಗೆದುಕೊಂಡು ರೆಪ್ಪೆಯ ಮೇಲೆ ಇಟ್ಟುಕೊಂಡಳು.

"ತಣ್ಣಗದೆ ದೊಡ್ಮಾವ."

"ಇಟ್ಟುಕೊಂಡೇ ಇರು. ಗಾಜಾಗಿದ್ದರೆ ಆಗಲೇ ಬೆಚ್ಚಗಾಗಿರುತ್ತಿತ್ತು. ನೀಲ ಹಾಗಲ್ಲ, ತಡ ಮಾಡುತ್ತೆ."

"ಆಮೇಲೆ ಹುಳ ಏನಾಯ್ತು ತಾತ?" ಅಂದಳು ದೇವೀರಿ.

ಹುಳ ಒಳಗೆ ಮಲಗಿತು. ಮಲಗಿದ್ದು ಚಿಟ್ಟೆಯಾಗಿ ಎದ್ದಿತು. ಒಳಗಿನಿಂದ ಟಕ್ ಟಕ್ ಅಂತ ತಟ್ಟಿತು.

"ಹೊರಗೆ ಹೋಗೋ ಹೊತ್ತಾಯ್ತಾ?" ಅಂದಿತು ನೀಲ.

"ಹೊತ್ತಾಯ್ತು. ಆದರೆ ಹೋಗಲ್ಲ. ಹೋಗಬೇಕಾದರೆ ಎಳೆ ಕಡೀಬೇಕು. ಕಡಿದರೆ ನೀನು ಒಡೀತೀಯ."

"ಕಡಿ ಅವ್ವ. ನೀನು ಕೊಟ್ಟ ನೂಲು, ನೀನು ಕಡಿ. ನಿನ್ನ ಗೂಡು ಕೊಟ್ಟು ನನ್ನ ಉಳಿಸಿದೆ. ಅದೇ ಗೂಡು ನಿನಗೆ ಗೋರಿ ಆಗೋದು ಬೇಡ."

"ಕಡಿಯಲ್ಲ."

"ಹಾಗಾದರೆ ನಾನೇ ಬಿರಿಯುತ್ತೀನಿ."

ಬಿರಿದರೆ ಮರಳಾಗುತ್ತೀನಿ ಅಂತ ನೀಲಕ್ಕೆ ಗೊತ್ತಿತ್ತು. ಆದರೂ ಬಿಗಿ ಹಿಡಿದ ಉಸಿರನ್ನು ಒಂದು ಚೂರು ಬಿಟ್ಟಿತು. ಕೂದಲು ತೂರುವಷ್ಟು ದಾರಿ ಆಯಿತು. ಚಿಟ್ಟೆ ಒಂದೂ ಎಳೆ ಕಡಿಯಲಿಲ್ಲ. ಹೊಸ ರೆಕ್ಕೆಯನ್ನು ಮಡಿಸಿ, ಮುದುರಿ, ಎಳೆಗಳ ಸಂದಿಯಲ್ಲೇ ನುಸುಳಿ ಹೊರಗೆ ಬಂತು. ರೆಕ್ಕೆ ಮುದುರಿದ್ದು ಮುದುರಿಹೋಯಿತು. ಅದಕ್ಕೇ ರೇಷ್ಮೆ ಚಿಟ್ಟೆಗೆ ರೆಕ್ಕೆ ಇದ್ದರೂ ಹಾರಲು ಬರುವುದಿಲ್ಲ, ಇಟ್ಟ ಜಾಗದಲ್ಲೇ ಪಟಪಟ ಅನ್ನುತ್ತದೆ.

ನೀಲ ಕಾದಿತು. ಈಗ ಒಡೀತೀನಿ, ಈಗ ಒಡೀತೀನಿ ಅಂತ ಕಾದಿತು. ಒಡೆಯಲಿಲ್ಲ. ಎಳೆಗಳು ಹಿಡಿದುಕೊಂಡಿದ್ದವು. ಚಿಟ್ಟೆ ಹೋದ ದಾರಿ ಮೆಲ್ಲಗೆ ಮುಚ್ಚಿಕೊಂಡು ಹಕ್ಕಿಯ ಗರಿಯಂಥ ಒಂದು ಗುರುತಾಗಿ ಉಳಿಯಿತು.

"ನಿನ್ನಿಂದ ಉಳಿದೆ" ಅಂದಿತು ನೀಲ.

"ಇಲ್ಲ, ನಿನ್ನಿಂದ ನಾನು ಉಳಿದೆ" ಅಂದಿತು ಚಿಟ್ಟೆ.

"ಮೊದಲು ಕೊಟ್ಟವಳು ನೀನು."

"ಕೊನೆಗೆ ಕೊಟ್ಟವನು ನೀನು."

ಹೀಗೆ ಸಂಜೆ ತನಕ ವಾದ. ಉಪಕಾರ ನಂದು ಅಂತ ಜಗಳ ಆಡುವವರನ್ನು ಕಾವೇರಿ ಬೇಕಾದಷ್ಟು ಕಂಡಿದ್ದಳು. ಉಪಕಾರ ನಿಂದು ಅಂತ ಜಗಳ ಆಡುವವರನ್ನು ಅವತ್ತೇ ಕಂಡದ್ದು. ಓಡಲು ಮಾತ್ರ ಗೊತ್ತಿದ್ದ ಹೊಳೆ ತಿರುಗಿ ನೋಡಿತು, ಅಲ್ಲೇ ನಿಂತು ಕೇಳಿತು. ಹೊಳೆ ತಿರುಗಿದ ಕಡೆಯೆಲ್ಲ ಮಡು ಇರುವುದು ಅದಕ್ಕೇ.

ಗಾಜು ಹುಟ್ಟಿದ್ದು ಬಹಳ ಕಾಲದ ಮೇಲೆ, ಕುಲುಮೆಯಲ್ಲಿ. ಅದಕ್ಕೆ ಬಿರುಕು ಬಿದ್ದಾಗ ಹೊಲಿದವರಿಲ್ಲ, ಅದರ ಮಡಿಲಲ್ಲಿ ಮಲಗಿದವರಿಲ್ಲ. ಯಾರ ಹಂಗೂ ಇಲ್ಲ. ಅದಕ್ಕೇ ಅದರ ಒಳಗೆ ಏನೂ ಇಲ್ಲ, ಇದ್ದರೆ ಊದಿದವನ ಉಸಿರಿನ ಗುಂಡು ಗುಂಡು ಗುಳ್ಳೆ. ಎಳೆಯೇ ಇಲ್ಲದ ತಿಳಿ ನೀಲವೂ ಲೋಕದಲ್ಲಿ ಇಲ್ಲ ಅಂತಲ್ಲ. ಅಂಥದ್ದು ಅಪರೂಪ, ಅದನ್ನು ಯಾವ ಅಂಗಡಿಯವನೂ ಪುಕ್ಕಟೆ ಕೂರಿಸಿಕೊಡಲ್ಲ.

ಅದಕ್ಕೇ ಮಗ, ಇವತ್ತಿಗೂ ನೀನು ಅಸಲಿ ನೀಲವನ್ನು ಬೆಳಗಿನ ಬೆಳಕಿಗೆ ಓರೆಯಾಗಿ ಹಿಡಿದರೆ ಒಳಗೆ ಬೆಳ್ಳನೆಯ ರೇಷ್ಮೆ ಎಳೆ ಕಾಣುತ್ತದೆ. ಕೆಲವು ಹರಳಲ್ಲಿ ಆ ಮೂರು ಕಡೆಯ ಎಳೆಗಳೂ ಒತ್ತೊತ್ತಾಗಿದ್ದು, ಗುಂಡಗೆ ಸಾಣೆ ಹಿಡಿಸಿ ಬಿಸಿಲಿಗೆ ಇಟ್ಟರೆ ನಕ್ಷತ್ರವೇ ಮೂಡುತ್ತದೆ. ಅದು ಬಿರುಕಲ್ಲ. ಬಿರುಕನ್ನು ಹಿಡಿದುಕೊಂಡಿರುವುದು.

ನನ್ನ ಮಾತು ಮುಗಿಯುವ ಹೊತ್ತಿಗೆ ತಮ್ಮನ ಮಗ ಶಿವಮಲ್ಲು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ. "ಬಸ್ಸಿಗೆ ಹೊತ್ತಾಯ್ತು. ಉಂಗುರ ಕೊಡು" ಅಂದ.

"ನೀವು ಹೋಗಿ ಬನ್ನಿ" ಅಂದಳು ಚೆನ್ನಾಜಿ. "ಉಂಗುರ ಬರಲ್ಲ."

"ಬದಲಿ ಕೊಡ್ತೀನಿ ಅಂದವ್ನಲ್ಲ?"

"ಅವನ ಹತ್ರ ಅಷ್ಟು ತಿಳಿ ಕಲ್ಲು ಇದ್ರೆ ಅವನ ಹೆಂಡ್ತಿಗೆ ಹಾಕಲಿ. ನಿಮಗೆ ಅನುಮಾನ ಇದ್ರೆ ಕಲ್ಲು ತಿಳಿದ ಇನ್ನಿಬ್ಬರ ಹತ್ರ ನನ್ನೇ ಕರಕೊಂಡು ಹೋಗಿ. ಉಂಗುರ ನನ್ನ ಬೆರಳಲ್ಲೇ ಇರ್ತದೆ, ನೋಡ್ಲಿ."

ಶಿವಮಲ್ಲು ನನ್ನ ಮುಖ ನೋಡಿದ. "ದೊಡ್ಡಪ್ಪ, ಏನ್ ಹೇಳಿಕೊಟ್ರಿ?"

"ಹುಳ ಆರಿಸೋದು ಹೇಳಿಕೊಡ್ತಿದ್ದೆ" ಅಂದೆ. ಅವನು ತಲೆ ಅಲ್ಲಾಡಿಸುತ್ತಾ ಬಸ್ಸಿಗೆ ಹೋದ.

ಚೆನ್ನಾಜಿ ಉಂಗುರವನ್ನು ಕಣ್ಣಿಗೆ ಒತ್ತಿಕೊಂಡು ಬೆರಳಿಗೆ ಹಾಕಿಕೊಂಡಳು. "ಅವ್ವ ಇದನ್ನ ಹಾಕ್ಕೊಂಡೇ ನನ್ನ ತಲೆ ಬಾಚೋಳು" ಅಂದಳು. "ನೆತ್ತಿಗೆ ತಣ್ಣಗೆ ತಾಗೋದು. ಅದು ಅವ್ವನ ಬೆರಳೇ ತಣ್ಣಗದೆ ಅಂದ್ಕೊಂಡಿದ್ದೆ." ಮತ್ತೆ ಹುಳದ ತಟ್ಟೆಗೆ ಕೈ ಹಾಕಿದಳು. ಒಂದು ಹಣ್ಣಾದ ಹುಳವನ್ನು ಎತ್ತಿ, ಉಳಿದವುಗಳಿಗಿಂತ ಒಂದಿಷ್ಟು ಮೆಲ್ಲಗೆ, ಚಂದ್ರಿಕೆಯ ಮೇಲೆ ಬಿಟ್ಟಳು.

ದೇವೀರಿ ಮಾತ್ರ ಆಗಿನಿಂದ ಹುಬ್ಬು ಗಂಟು ಹಾಕಿಕೊಂಡು ಕೂತಿದ್ದಳು.

"ತಾತ."

"ಏನು ಕೂಸು?"

"ಚಿಟ್ಟೆ ಸಂಜೆ ತನಕ ವಾದ ಮಾಡ್ತು ಅಂದ್ರಲ್ಲ."

"ಮಾಡ್ತು."

"ರೇಷ್ಮೆ ಚಿಟ್ಟೆಗೆ ಬಾಯೇ ಇರಲ್ಲ ತಾತ. ನಮ್ಮ ಮಿಸ್ ತೋರಿಸವ್ರೆ. ಅದು ಏನೂ ತಿನ್ನಲ್ಲ, ಏನೂ ಕುಡಿಯಲ್ಲ. ಬಾಯಿಲ್ಲದೆ ಹೆಂಗೆ ಮಾತಾಡ್ತು?"

ಚೆನ್ನಾಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಕೈಯಲ್ಲಿದ್ದ ಹುಳವನ್ನು ಚಂದ್ರಿಕೆಗೆ ಬಿಟ್ಟು, ಎರಡೂ ಭುಜ ಮೇಲಕ್ಕೆತ್ತಿ ಇಳಿಸಿದೆ.

"ಅದರ ಬಾಯಿ ನಾನೆಲ್ಲಿ ನೋಡಿದೆ ಮಗ" ಅಂದೆ. "ಮಾತು ಕೇಳಿಸಿಕೊಂಡೆ ಅಷ್ಟೆ."